ಹೀಟರ್ ದೀಪ ಆರಿತು ಅಂದ್ರೆ ಹೀಟರ್ ಕಾದಿದೆ ಅಂತಲ್ಲ

ಕಾಫಿ ಕುಯ್ಲಿನ ಹೊತ್ತಲ್ಲಿ ಜೀಪ್ ಕೈಕೊಟ್ಟರೆ ಏನು ಪಾಡು ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡಿಸೆಂಬರ್ ಕೊನೆ, ಮೂಡಿಗೆರೆ ಕಡೆಯ ನಮ್ಮ ತೋಟ, ಬೆಳಿಗ್ಗೆ ಏಳು ಗಂಟೆ. ಕೆಲಸದವರನ್ನು ಕರೆತರಬೇಕು. ಹಳೆಯ ಡೀಸೆಲ್ ಜೀಪಿನ ಕೀ ತಿರುಗಿಸಿದೆ. ಸ್ಪ್ರಿಂಗ್ ಆಕಾರದ ಹೀಟರ್ ದೀಪ ಹತ್ತಿತು, ಆರಿತು. ಸೆಲ್ಫ್ ಹೊಡೆದೆ. ಎಂಜಿನ್ ಸುತ್ತುತ್ತದೆ, ಹಿಡಿಯುವುದಿಲ್ಲ. ಸೈಲೆನ್ಸರಿನಿಂದ ಬಿಳಿ ಹೊಗೆ, ಹಸಿ ಡೀಸೆಲ್ಲಿನ ವಾಸನೆ. ನಾಲ್ಕನೇ ಸಲಕ್ಕೆ ಮೈಯೆಲ್ಲಾ ನಡುಗಿಸಿಕೊಂಡು ಎರಡೇ ಸಿಲಿಂಡರಿನಲ್ಲಿ ಶುರುವಾಯಿತು. ಒಂದೆರಡು ನಿಮಿಷಕ್ಕೆ ಏನೂ ಆಗದ ಹಾಗೆ ಸರಿಹೋಯಿತು. ಮಧ್ಯಾಹ್ನವಂತೂ ಕೀ ಮುಟ್ಟಿದರೆ ಸಾಕು, ಸ್ಟಾರ್ಟ್.

ಬ್ಯಾಟರಿ ವೀಕ್ ಅಂದುಕೊಂಡೆ. ಹೊಸದು ಹಾಕಿಸಿದೆ. ಈಗ ಸೆಲ್ಫ್ ಜೋರಾಗಿ ತಿರುಗತೊಡಗಿತು, ಬಿಳಿ ಹೊಗೆಯೂ ಅಷ್ಟೇ ಜಾಸ್ತಿ ಬರತೊಡಗಿತು! ಅಲ್ಲಿಗೆ ದುಡ್ಡು ದಂಡ. ಚಿಕ್ಕಪ್ಪ ಜಗಲಿಯಿಂದಲೇ ಕೂಗಿದರು: "ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯೋ, ಹತ್ಕೊಳ್ಳುತ್ತೆ." ಹತ್ತಿಕೊಳ್ಳುತ್ತದೆ, ನಿಜ. ಆದರೆ ಒಳಗೆ ಒಂದೇ ಒಂದು ಹೀಟರ್ ಪ್ಲಗ್ ಕೆಂಪಗೆ ಕಾದಿದ್ದರೂ ಪೆಟ್ರೋಲ್ ಆವಿ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುತ್ತದೆ. ಪಿಸ್ಟನ್ ರಿಂಗ್ ಮುರಿದರೆ ಎಂಜಿನ್ ಬಿಚ್ಚಬೇಕು. "ಬೇಡ ಚಿಕ್ಕಪ್ಪ, ಭಾನುವಾರ ನೋಡ್ತೀನಿ" ಅಂದೆ.

ಡೀಸೆಲ್ ಎಂಜಿನ್‌ಗೆ ಕಿಡಿ ಕೊಡುವ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಬಿಸಿಯಲ್ಲೇ ಡೀಸೆಲ್ ಹತ್ತಿಸಬೇಕು. ನಮ್ಮಂಥ ಹಳೆ ಎಂಜಿನ್‌ಗಳಲ್ಲಿ ಡೀಸೆಲ್ ಮೊದಲು ಒಂದು ಪುಟ್ಟ ಕೋಣೆಗೆ ಬೀಳುತ್ತದೆ. ಚಳಿಯಲ್ಲಿ ಆ ಕೋಣೆಯ ತಣ್ಣನೆ ಗೋಡೆ ಬಿಸಿಯನ್ನೆಲ್ಲಾ ಕುಡಿದುಬಿಡುತ್ತದೆ. ಅದಕ್ಕೇ ಸಿಲಿಂಡರಿಗೊಂದು ಗ್ಲೋ ಪ್ಲಗ್, ಅಂದರೆ ನಾವು ಹೀಟರ್ ಅನ್ನುವ, ಕರೆಂಟಿಗೆ ಕಾಯುವ ಕಡ್ಡಿ. ಅದರ ತುದಿ ಸುಮಾರು 800ರಿಂದ 1000 ಡಿಗ್ರಿವರೆಗೆ ಕಾಯುತ್ತದೆ. ನೇರ ಸಿಲಿಂಡರಿಗೇ ಡೀಸೆಲ್ ಸಿಂಪಡಿಸುವ ಈಗಿನ ಕಾಮನ್ ರೈಲ್ ಗಾಡಿಗಳು ನಮ್ಮ ಚಳಿಗೆ ಪ್ಲಗ್ ಸತ್ತಿದ್ದರೂ ಹೇಗೋ ಸ್ಟಾರ್ಟ್ ಆಗಿಬಿಡುತ್ತವೆ. ನಮ್ಮದು ಆಗುವುದಿಲ್ಲ.

ಭಾನುವಾರ ಮಲ್ಟಿಮೀಟರ್ ಹಿಡಿದು ಕೂತೆ. ಮೊದಲು ಪ್ಲಗ್‌ವರೆಗೆ ಕರೆಂಟ್ ಬರುತ್ತಿದೆಯಾ ಅಂತ ನೋಡಿದೆ. ನಾಲ್ಕೂ ಪ್ಲಗ್‌ಗಳ ತಲೆ ಸೇರಿಸುವ ಒಂದು ಲೋಹದ ಪಟ್ಟಿ ಇರುತ್ತದೆ. ಮೀಟರಿನ ಕೆಂಪು ಕಡ್ಡಿ ಅಲ್ಲಿಗೆ, ಕಪ್ಪು ಕಡ್ಡಿ ಎಂಜಿನ್ ಬಾಡಿಗೆ. ಹೆಂಡತಿ ಕೀ ತಿರುಗಿಸಿದಳು. 11 ವೋಲ್ಟ್ ಚಿಲ್ಲರೆ ಬಂತು, ಸ್ವಲ್ಪ ಹೊತ್ತಿಗೆ ಪ್ಲಗ್‌ಗಳಿಗೆ ಕರೆಂಟ್ ಬಿಡುವ ಸ್ವಿಚ್, ಅಂದರೆ ರಿಲೇ, 'ಟಿಕ್' ಅಂದು ಬಿಟ್ಟಿತು. ಅಂದರೆ ಫ್ಯೂಸ್, ರಿಲೇ ಸರಿ ಇವೆ. ಇಲ್ಲಿ ಸೊನ್ನೆ ಬಂದಿದ್ದರೆ ಪ್ಲಗ್ ಬಿಚ್ಚುವ ಕೆಲಸವೇ ಇರಲಿಲ್ಲ. ನಾಲ್ಕೂ ಪ್ಲಗ್ ಒಂದೇ ದಿನ ಸಾಯುವುದು ಅಪರೂಪ, ಹಾಗೆ ಕಂಡರೆ ತಪ್ಪು ರಿಲೇ ಕಡೆ ಇರುತ್ತದೆ.

ಅಂದ ಹಾಗೆ, ನಮ್ಮ ಜೀಪಿನ ಆ ದೀಪಕ್ಕೂ ಪ್ಲಗ್ ಕಾಯುವುದಕ್ಕೂ ಸಂಬಂಧವೇ ಇಲ್ಲ. ಅದು ಬರೀ ಟೈಮರ್ ಲೆಕ್ಕ. ಇಷ್ಟು ವರ್ಷ ಅದನ್ನು ನಂಬಿ ಕೂತಿದ್ದೆ.

ಮುಂದಿನದು ಓಮ್ ಲೆಕ್ಕ, ಅಂದರೆ ಪ್ಲಗ್ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಅನ್ನುವುದು. ಇಲ್ಲಿ ಜಾಸ್ತಿ ಜನ ಎಡವುವುದು ಪಟ್ಟಿ ಬಿಚ್ಚದೇ ಅಳೆದು. ಹಾಗೆ ಅಳೆದರೆ ಒಂದು ಪ್ಲಗ್ ಬದುಕಿದ್ದರೂ ನಾಲ್ಕೂ ಬದುಕಿರುವ ಹಾಗೆ ಕಾಣುತ್ತದೆ. ಕೀ ಆಫ್ ಮಾಡಿ, ಸಣ್ಣ ನಟ್‌ಗಳನ್ನು ಬಿಚ್ಚಿ, ಪಟ್ಟಿ ಎತ್ತಿಟ್ಟೆ. ಮೀಟರಿನ ಎರಡೂ ಕಡ್ಡಿ ಒಂದಕ್ಕೊಂದು ತಾಗಿಸಿದಾಗಲೇ 0.3 ತೋರಿಸಿತು. ಅದು ವೈರಿನದ್ದು, ಕಳೆಯಬೇಕು. ಒಂದನೇ ಪ್ಲಗ್ 0.9, ಅಂದರೆ 0.6. ನಾಲ್ಕನೆಯದು 1.1, ಅಂದರೆ 0.8. ಒಂದು ಓಮಿನ ಆಸುಪಾಸು ಇದ್ದರೆ ಒಳಗಿನ ಕಾಯಿಲ್ ತುಂಡಾಗಿಲ್ಲ ಅಂತ ಅರ್ಥ. ಎರಡು ಮತ್ತು ಮೂರಕ್ಕೆ ಮೀಟರ್ ಕದಲಲೇ ಇಲ್ಲ. ಎರಡೇ ಸಿಲಿಂಡರಿನಲ್ಲಿ ನಡುಗುತ್ತಿದ್ದುದು ಇದಕ್ಕೇ.

ಬಿಚ್ಚುವುದೇ ನಿಜವಾದ ಭಯ. ಪ್ಲಗ್ ಎಂಜಿನ್ನಿನ ಮೇಲಿನ ಭಾಗವಾದ ಹೆಡ್ಡಿನಲ್ಲೇ ಮುರಿದರೆ ಆ ಹೆಡ್ ಇಳಿಸುವ ತನಕ ಹೋಗಬಹುದು. ಹಿಂದಿನ ರಾತ್ರಿಯೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆ. ಬೆಳಿಗ್ಗೆ ತೋಟ ಸುತ್ತಿ ಬಂದು, ಎಂಜಿನ್ ಬಿಸಿ ಇರುವಾಗಲೇ ಪಾನಾ ಹಾಕಿದೆ. ಮೂರು ಸಲೀಸಾಗಿ ಬಂದವು. ಮೂರನೇ ಸಿಲಿಂಡರಿನದ್ದು ಜಪ್ಪಯ್ಯ ಅಂದರೂ ಅಲುಗಲಿಲ್ಲ. 12 ಎಂಎಂ ತ್ರೆಡ್ಡಿನ ಪ್ಲಗ್ ಬಿಚ್ಚಲು ಹಾಕುವ ತಿರುಚು ಬಲ 45 ನ್ಯೂಟನ್ ಮೀಟರ್ ದಾಟಬಾರದು, 10 ಎಂಎಂದಕ್ಕೆ 35. ಆ ಬಲ ಅಳೆಯುವ ಪಾನಾ, ಟಾರ್ಕ್ ರೆಂಚ್, ಗೆಳೆಯನದ್ದು ತಂದಿದ್ದೆ, ಅದು ಬೇಡ ಅಂದ ಕೂಡಲೇ ನಿಲ್ಲಿಸಿದೆ. ಮತ್ತೆ ಎಣ್ಣೆ, ಮತ್ತೊಂದು ರಾತ್ರಿ. ಮಾರನೇ ದಿನ ಬಿಸಿ ಮಾಡಿ, ಚೂರು ಬಿಚ್ಚುವ ಕಡೆ, ಚೂರು ಬಿಗಿಸುವ ಕಡೆ ಆಡಿಸಿದೆ. 'ಕಿರ್ರ್' ಅಂದಾಗ ನನ್ನ ಎದೆಯೂ ಕಿರ್ರ್ ಅಂತು. ಆದರೆ ಬಂತು.

ಬಿಚ್ಚಿದ್ದನ್ನು ತಕ್ಷಣ ಎಸೆಯಬೇಡಿ. ಎರಡನೆಯದು ಬರೀ ವಯಸ್ಸಾಗಿ ಸತ್ತಿತ್ತು, ತುದಿ ನೆಟ್ಟಗಿತ್ತು. ಮೂರನೆಯದರ ತುದಿ ಉರಿದು ಮೊಂಡಾದ ಮೇಣದಬತ್ತಿ ಥರ ಕರಗಿತ್ತು. ಅದು ಪ್ಲಗ್ ತಪ್ಪಲ್ಲ. ಅಲ್ಲಿ ಡೀಸೆಲ್ ಬಿಡುವ ಇಂಜೆಕ್ಟರ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿದೆ ಅನ್ನುವ ಗುಮಾನಿ ನನಗೆ ಅಲ್ಲೇ ಬಂತು. ತುದಿ ಉಬ್ಬಿದ್ದರೆ ರಿಲೇ ಅಂಟಿಕೊಂಡು ಪ್ಲಗ್ ಜಾಸ್ತಿ ಹೊತ್ತು ಕಾದಿದೆ ಅನ್ನಬಹುದಿತ್ತು.

ಓಮ್ ಸರಿ ತೋರಿಸಿದ ಎರಡನ್ನೂ ಸುಮ್ನೆ ಕುತೂಹಲಕ್ಕೆ ಬ್ಯಾಟರಿಗೆ ಕೊಟ್ಟು ನೋಡಿದೆ. ಕನ್ನಡಕ ಹಾಕಿಕೊಂಡು, ಇಕ್ಕಳದಲ್ಲಿ ಹಿಡಿದು. ಒಂದನೆಯದು ಹತ್ತು ಸೆಕೆಂಡಿಗೆ ತುದಿಯಿಂದಲೇ ಕೆಂಪಾಯಿತು. ನಾಲ್ಕನೆಯದು ನಡುವಲ್ಲಿ ಕೆಂಪಾಗಿ ತುದಿ ಕಪ್ಪಗೇ ಉಳಿಯಿತು. ಮೀಟರ್ ಪಾಸ್ ಮಾಡಿದ್ದ ಪ್ಲಗ್ ಅದು! ಹೊಸ ಗಾಡಿಗಳ ಪ್ಲಗ್‌ಗೆ ಮಾತ್ರ ಹೀಗೆ ಮಾಡಬೇಡಿ. ಕೆಲವು 5 ವೋಲ್ಟಿನ ಆಸುಪಾಸಿಗೆ ಮಾಡಿದವು, 12 ಕೊಟ್ಟರೆ ಕಣ್ಣೆದುರೇ ಸುಟ್ಟುಹೋಗುತ್ತವೆ.

ನಾಲ್ಕನ್ನೂ ಹೊಸದು ತಂದೆ. ನಾಲ್ಕಕ್ಕೂ ಸೇರಿ ಬ್ಯಾಟರಿಗೆ ಸುರಿದದ್ದರ ಅರ್ಧವೂ ಆಗಲಿಲ್ಲ. ಹಳೆಯದರ ಮೇಲಿನ ನಂಬರ್ ತೋರಿಸಿಯೇ ಕೊಂಡೆ, ಉದ್ದ ಬೇರೆಯಾದರೆ ಒಳಗೆ ಸರಿಯಾಗಿ ಕೂರುವುದಿಲ್ಲ. ತೂತಿನ ಮಸಿ ತೆಗೆದು, ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಕಂಪನಿ ಹೇಳಿದಷ್ಟೇ ಬಿಗಿ ಮಾಡಿದೆ. ತಲೆಯ ಸಣ್ಣ ನಟ್ಟಿಗೆ ಬಲ ಹಾಕಲೇಬಾರದು. ಒಂದನ್ನು ಹಿಂದೊಮ್ಮೆ ಮುರಿದೇ ಕಲಿತವನು ನಾನು.

ಮಾರನೇ ಬೆಳಿಗ್ಗೆ ಒಂದೇ ಸೆಲ್ಫಿಗೆ ಹಿಡಿಯಿತು. ಹೊಗೆ ಮಾತ್ರ ಪೂರ್ತಿ ಹೋಗಲಿಲ್ಲ, ಮೂರನೇ ಸಿಲಿಂಡರ್ ಚೂರು ಕೆಮ್ಮುತ್ತಿತ್ತು. ಇಂಜೆಕ್ಟರ್ ಬಿಚ್ಚಿ ಹಾಸನದ ಡೀಸೆಲ್ ಪಂಪ್ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವನು ಅದನ್ನು ಟೆಸ್ಟಿಂಗ್ ಮಿಷಿನ್ನಿಗೆ ಕಟ್ಟಿ ಹಿಡಿ ಒತ್ತಿದ. ಮಂಜಿನ ಹಾಗೆ ಚಿಮ್ಮಬೇಕಿದ್ದ ಡೀಸೆಲ್, ಮೂಗು ಸೋರುವ ಹಾಗೆ ನಾಜಲ್ ತುದಿಯಲ್ಲಿ ಹನಿ ಕಟ್ಟಿ ಇಳಿಯಿತು. ನಾಜಲ್ ಬದಲಾಯಿಸಿದ ಮೇಲೆ ಕೆಮ್ಮು ನಿಂತಿತು. ಆದರೂ ಕುಯ್ಲು ಮುಗಿದ ಮೇಲೆ ಮೂರನೇ ಪ್ಲಗ್ಗನ್ನು ಇನ್ನೊಂದು ಸಲ ಬಿಚ್ಚಿ ತುದಿ ನೋಡಬೇಕು ಅಂತ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.