ಜರ್ಮನ್, ಜಪಾನಿ ಕಲಿತರೆ ಕಾಲೇಜು ಸೀಟಿಗೆ ಅನುಕೂಲವೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ತೀರ್ಥಹಳ್ಳಿ, ಸಾಗರ, ಹೊಸನಗರದ ಮನೆಗಳಲ್ಲಿ ಪಿಯು ಅರ್ಜಿ ತುಂಬುವಾಗ ಪೆನ್ನು ನಿಲ್ಲುವುದು ಭಾಷೆಯ ಕಾಲಂನಲ್ಲಿ. ಇಂಗ್ಲಿಷ್ ಜೊತೆಗೆ ಕನ್ನಡವೋ, ಅಂಕಕ್ಕೆಂದು ಸಂಸ್ಕೃತವೋ? ಮುಂದೆ ಹೊರದೇಶಕ್ಕೆ ಹೋಗುವುದಿದ್ದರೆ ಫ್ರೆಂಚೋ? ಪಿಯು ಭಾಷೆಗಳ ಪಟ್ಟಿಯಲ್ಲಿ ಫ್ರೆಂಚ್ ಇದೆ. ಅದನ್ನು ಕಲಿಸುವ ಕಾಲೇಜು ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ.

ಮೊದಲು ಒಂದು ಹಾಳೆ ತೆಗೆದುಕೊಂಡು, ಸೇರಬೇಕಾದ ಕೋರ್ಸಿಗೆ ಯಾವ ಅಂಕ ಲೆಕ್ಕಕ್ಕೆ ಬರುತ್ತದೆ ಎಂದು ಬರೆದಿಡಿ. ಎಂಜಿನಿಯರಿಂಗ್‌ನ ಸಿಇಟಿ ರ‍್ಯಾಂಕ್‌ಗೆ ಪಿಯುನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ವೈದ್ಯಕೀಯಕ್ಕೆ ನೀಟ್. ಎರಡರಲ್ಲೂ ರ‍್ಯಾಂಕ್‌ಗೆ ಭಾಷೆಯ ಅಂಕ ಸೇರುವುದಿಲ್ಲ. ಪಿಯುನ ಒಟ್ಟು ಅಂಕ ನೋಡಿ ಸೀಟು ಕೊಡುವ ಬಿಎ, ಬಿಕಾಂಗಳಲ್ಲಿ ಮಾತ್ರ 600ರಲ್ಲಿ 200 ಅಂಕ ಭಾಷೆಗಳದ್ದೇ.

ಅಮೆರಿಕದ ಆಸೆಯಿದ್ದರೆ ಲೆಕ್ಕ ಬೇರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇಂಗ್ಲಿಷಲ್ಲದ ಒಂದು ಭಾಷೆಯನ್ನು ಹೈಸ್ಕೂಲಿನಲ್ಲಿ ಕನಿಷ್ಠ 2 ವರ್ಷ ಓದಿರಬೇಕು ಎನ್ನುತ್ತದೆ, 3 ವರ್ಷವಾದರೆ ಇನ್ನೂ ಒಳ್ಳೆಯದು. ಇಲ್ಲಿ ಬಹಳ ಪೋಷಕರು ಗಾಬರಿಯಾಗಿ ಫ್ರೆಂಚ್ ಟ್ಯೂಷನ್ ಹುಡುಕುತ್ತಾರೆ. ನಮ್ಮ ಮಕ್ಕಳಿಗೆ ಕನ್ನಡವೇ ಆ ಇಂಗ್ಲಿಷಲ್ಲದ ಭಾಷೆ! ಒಂಬತ್ತರಿಂದ ದ್ವಿತೀಯ ಪಿಯುವರೆಗೆ ಓದಿದ್ದು ಅಂಕಪಟ್ಟಿಯಲ್ಲೇ ಇರುತ್ತದೆ. ದಯವಿಟ್ಟು ಅದನ್ನು ಬಿಡಿಸಬೇಡಿ.

ವಿದೇಶಿ ಭಾಷೆ ನಿಜಕ್ಕೂ ಬಾಗಿಲು ತೆರೆಯುವುದು ಪಾಠವೇ ಆ ಭಾಷೆಯಲ್ಲಿ ನಡೆಯುವ ಕಡೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ, ಆದರೆ ಪದವಿ ತರಗತಿಗಳು ಬಹುಪಾಲು ಜರ್ಮನ್‌ನಲ್ಲೇ. ಭಾಷೆ ಎಷ್ಟು ಬರುತ್ತದೆ ಎಂದು ಅಳೆಯಲು ಎ1ರಿಂದ ಸಿ2ರವರೆಗೆ ಆರು ಹಂತಗಳಿವೆ, ಎ1 ಬರೀ ಹೊಸಿಲು. ಹಾಗಾಗಿ ಪಿಯುವರೆಗೆ ಕಾಯದೆ ಒಂಬತ್ತನೇ ತರಗತಿಯಲ್ಲೇ ಶುರು ಮಾಡಿ.

ಕನ್ನಡ ಬಲ್ಲವರಿಗೆ ಜಪಾನಿ ವಾಕ್ಯದ ಓಟ ಅಪರಿಚಿತವಲ್ಲ. ನನ್ನ ಅಕ್ಕನ ಮಗಳು ಅಡಿಕೆ ಲೆಕ್ಕದ ಹಳೆಯ ಪುಸ್ತಕದ ಹಿಂಬದಿಯಲ್ಲಿ ಹಿರಗಾನ ಲಿಪಿ ತಿದ್ದುತ್ತಾ ಒಂದು ದಿನ ಓದಿ ತೋರಿಸಿದಳು: ‘ಮಿಝು ಒ ನೋಮಿಮಾಸು’. ಮಿಝು ಎಂದರೆ ನೀರು, ‘ಒ’ ನಮ್ಮ ‘ಅನ್ನು’, ಕ್ರಿಯಾಪದ ಕೊನೆಗೆ. ನೀರನ್ನು ಕುಡಿಯುತ್ತೇನೆ! ಅವಳ ಕಣ್ಣಲ್ಲಿ ಆಗ ಕಂಡ ಹಿಗ್ಗು ನನಗೆ ಇನ್ನೂ ನೆನಪಿದೆ. ಇಂಗ್ಲಿಷ್ ಮೂಲಕ ಸುತ್ತಿ ಬಳಸಿ ಕಲಿಯುವ ಬದಲು ಹೀಗೆ ನೇರ ಕನ್ನಡಕ್ಕೆ ಹೊಂದಿಸಿಕೊಂಡು ಕಲಿಯಲು ಮಕ್ಕಳಿಗೆ ಹೇಳಿ.

ಆನ್‌ಲೈನ್ ತರಗತಿ ಹಿಡಿಯುವವರು ಪಾಠದ ರೆಕಾರ್ಡಿಂಗ್ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಆಷಾಢದ ಮಳೆಗೆ ಮರ ಬಿದ್ದು ಕರೆಂಟು ಹೋದರೆ ಎರಡು ದಿನ ಫೋನೂ ಇಲ್ಲ, ಪಾಠವೂ ಇಲ್ಲ.

ಕಲಿತದ್ದಕ್ಕೆ ಕಾಗದ ಬೇಕು. ಕಾಲೇಜಿನವರು ಮಾನ್ಯ ಮಾಡುವುದು ಅಧಿಕೃತ ಪರೀಕ್ಷೆಯ ಪ್ರಮಾಣಪತ್ರವನ್ನು, ಮೊಬೈಲ್ ಆ್ಯಪ್‌ನ ಬ್ಯಾಡ್ಜನ್ನಲ್ಲ. ಜರ್ಮನ್‌ಗೆ ಗೋಥೆ ಸಂಸ್ಥೆಯ ಪರೀಕ್ಷೆ, ಫ್ರೆಂಚ್‌ಗೆ ಡೆಲ್ಫ್, ಜಪಾನಿಗೆ ಎನ್5 ಎಂಬ ಮೊದಲ ಹಂತದಿಂದ ಮೇಲೇರುವ ಜೆಎಲ್‌ಪಿಟಿ. ಇದು ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ. ಪಿಯು ಮಕ್ಕಳಿಗೆ ಡಿಸೆಂಬರ್ ಎಂದರೆ ವಾರ್ಷಿಕ ಪರೀಕ್ಷೆಯ ಓದಿನ ಕಾಲ, ಜುಲೈ ವಾಸಿ. ಕೇಂದ್ರ ಬೆಂಗಳೂರಾದರೆ ಪರೀಕ್ಷೆಯ ದಿನ ಬೆಳಗಿನ ರೈಲು ನೆಚ್ಚಿಕೊಳ್ಳಬೇಡಿ. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿದುಕೊಳ್ಳಿ.