ಕನ್ನಡಿ ಹೆಚ್ಚಿಸಿದೆ, ಕಂಡಿ ಮುಚ್ಚಲಿಲ್ಲ

ನಾನು ಮಾಡಿದ ಮೊದಲ ಸೌರ ಒಲೆ ಗಾಜಿನ ಮುಚ್ಚಳದ ರಟ್ಟಿನ ಪೆಟ್ಟಿಗೆ. ಅದರಲ್ಲಿ ಅಕ್ಕಿ ಬೇಯಲಿಲ್ಲ, ನೆನೆದು ಉಬ್ಬಿತು ಅಷ್ಟೇ. ಮೂರು ಗಂಟೆ ಸುಡುಬಿಸಿಲಲ್ಲಿಟ್ಟರೂ ಥರ್ಮಾಮೀಟರ್ 75 ಡಿಗ್ರಿ ದಾಟಲಿಲ್ಲ. ಬಿಸಿಲು ಸಾಲದೇನೋ ಎಂದುಕೊಂಡು ಇನ್ನೂ ಎರಡು ರಟ್ಟಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ ಕನ್ನಡಿಯಂತೆ ನಿಲ್ಲಿಸಿದೆ. ಏರಿದ್ದು ಐದಾರು ಡಿಗ್ರಿ.

ತಪ್ಪು ಕಂಡಿದ್ದು ರಾತ್ರಿ. ಪೆಟ್ಟಿಗೆಯೊಳಗೆ ಟಾರ್ಚ್ ಹಚ್ಚಿಟ್ಟೆ, ಗಾಜಿನ ಮೇಲೆ ಅದರಳತೆಯ ರಟ್ಟು ಮುಚ್ಚಿ ಕೋಣೆಯ ದೀಪ ಆರಿಸಿದೆ. ಚೌಕಟ್ಟಿನ ಸುತ್ತಲೂ ಬೆಳಕು ಸೋರುತ್ತಿತ್ತು. ಹಗಲಿಡೀ ಕಾದ ಗಾಳಿಯೂ ಅದೇ ದಾರಿ ಹಿಡಿದಿತ್ತು! ಬಟ್ಟೆಯ ಪಟ್ಟಿ ಮಡಚಿ ಅಂಚಿಗೆಲ್ಲ ಅಂಟಿಸಿ, ಮುಚ್ಚಳ ಅದರ ಮೇಲೆ ಒತ್ತಿ ಕೂರುವಂತೆ ಮಾಡಿದೆ. ಒಂದು ಗಾಜಿನ ಜಾಗದಲ್ಲಿ ಬೆರಳಗಲ ಬಿಟ್ಟು ಎರಡು ಗಾಜು ಕೂರಿಸಿದೆ. ಮರುದಿನ ಮಧ್ಯಾಹ್ನಕ್ಕೆ 115 ತೋರಿಸಿತು.

1767ರಲ್ಲೇ ಇಂಥ ಪ್ರಯೋಗ ಶುರುಮಾಡಿದ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸ್ಯೂರ್, ಹಲವು ಪದರ ಗಾಜು ಹಾಕಿದ ಪೆಟ್ಟಿಗೆಯಲ್ಲಿ ಮುಂದೆ ಸುಮಾರು 110 ಡಿಗ್ರಿ ಮುಟ್ಟಿದ್ದ. ಗಾಜು ದಾಟಿ ಬಂದ ಬೆಳಕು ಕಪ್ಪು ತಳಕ್ಕೆ ಬಡಿದು ಶಾಖವಾಗುತ್ತದೆ. ಆ ಶಾಖದ ಕಿರಣ ಗಾಜು ದಾಟಿ ವಾಪಸು ಹೋಗಲಾರದು. ಉಳಿದದ್ದು ನಾವು ಎಷ್ಟು ಬಿಗಿಯಾಗಿ ಮುಚ್ಚುತ್ತೇವೆ ಅನ್ನುವುದರ ಮೇಲೆ.

ನನ್ನದು ಒಂದರೊಳಗೊಂದು ಇಟ್ಟ ಎರಡು ರಟ್ಟಿನ ಪೆಟ್ಟಿಗೆ. ನಡುವಿನ ನಾಲ್ಕು ಬೆರಳು ಜಾಗಕ್ಕೆ ಮುದ್ದೆ ಮಾಡಿದ ಹಳೆ ಪತ್ರಿಕೆ ತುಂಬಿದ್ದೇನೆ. ಥರ್ಮಾಕೋಲ್ ಬೇಡ, ಈ ಬಿಸಿಗೆ ಮುದುಡುತ್ತದೆ. ತಳಕ್ಕೆ ಕಪ್ಪು ಬಣ್ಣ ಬಳಿದ ತಗಡು. ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ ಎರಡು ದಿನ ಖಾಲಿ ಒಲೆಯನ್ನೇ ಕಾಯಿಸಿದೆ. ಒಳಗಿನ ಪೆಟ್ಟಿಗೆ ಪಾತ್ರೆ ಹಿಡಿಯುವಷ್ಟೇ ಎತ್ತರವಿರಲಿ, ಆಳ ಹೆಚ್ಚಿದಷ್ಟೂ ಕಾಯುವುದು ನಿಧಾನ.

ಪಾತ್ರೆ ತೆಳು, ಹೊರಮೈ ಕಪ್ಪು, ಮುಚ್ಚಳ ಬಿಗಿ. ತರಕಾರಿಗೆ ನೀರೇ ಹಾಕುವುದಿಲ್ಲ, ತನ್ನ ರಸದಲ್ಲೇ ಬೇಯುತ್ತದೆ. ತಳ ಹತ್ತುವುದಿಲ್ಲವಾದ್ದರಿಂದ ಕೈಯಾಡಿಸುವ ಕೆಲಸವೂ ಇಲ್ಲ. ನೋಡುವ ಆಸೆಗೆ ಒಲೆಯ ಮುಚ್ಚಳ ತೆಗೆದಿರೋ, ಕೂಡಿಟ್ಟ ಬಿಸಿಯೆಲ್ಲ ಒಮ್ಮೆಲೇ ಹೋಯಿತು. ಅರ್ಧ ಗಂಟೆಗೊಮ್ಮೆ ಒಲೆಯನ್ನು ಸೂರ್ಯನ ಕಡೆ ತಿರುಗಿಸುತ್ತೇನೆ. ನೆರಳು ನೇರ ಹಿಂದಕ್ಕೆ ಬಿದ್ದರೆ ಗುರಿ ಸರಿ. ಕನ್ನಡಿಯ ಪ್ರತಿಫಲನ ಕಣ್ಣಿಗೆ ಹೊಡೆಯುತ್ತದೆ, ಕಪ್ಪು ಕನ್ನಡಕ ಹಾಕದೆ ಬಗ್ಗಬೇಡಿ.

ಅನ್ನಕ್ಕೆ ಒಳ್ಳೆ ಬಿಸಿಲಲ್ಲಿ ಎರಡು ಗಂಟೆ, ನೆನೆಸಿದ ಕಾಳಿಗೆ ನಾಲ್ಕರ ಮೇಲೆ. ರಾಜ್ಮಾವನ್ನು ಮಾತ್ರ ಇದರಲ್ಲಿ ಬೇಯಿಸುವುದಿಲ್ಲ. ಕೊತಕೊತ ಕುದಿಯದಿದ್ದರೆ ಅದರೊಳಗಿನ ನಂಜು ಹೋಗದು, ಹಾಗಾಗಿ ಅದು ಮನೆಯ ಒಲೆಗೇ.

ಮೋಡ ಕವಿದರೆ ಪಾತ್ರೆ 60 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಎತ್ತಿ ಒಳಗೆ, ಮನೆಯ ಒಲೆಗೆ ಒಯ್ಯುತ್ತೇನೆ. ಅರೆಬೆಂದದ್ದನ್ನು ಉಗುರುಬೆಚ್ಚಗೆ ಬಿಟ್ಟು ಬಿಸಿಲಿಗಾಗಿ ಕಾಯುವುದಿಲ್ಲ.