‘ಯಾಕೋ ಸರಿ ಕಾಣ್ತಾ ಇಲ್ಲ’ ಅನ್ನಿಸಿದ ಮೇಲಿನ ಐದು ನಿಮಿಷ

ಪಕ್ಕದ ಮನೆಯ ಗೇಟಿನೊಳಗೆ ಬೆಳಗ್ಗಿನ ಪೇಪರು ಹತ್ತು ಗಂಟೆಯಾದರೂ ಬಿದ್ದಲ್ಲೇ ಬಿದ್ದಿದೆ. ಜಗಲಿಯ ಲೈಟು ಇನ್ನೂ ಉರಿಯುತ್ತಾ ಉಂಟು. ಅಥವಾ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಹೊರಟ ಸಿಟಿ ಬಸ್ಸಿನಲ್ಲಿ ಎದುರು ಸೀಟಿನವರು ಕಿಟಕಿ ಗಾಳಿಗೂ ಬೆವರುತ್ತಿದ್ದಾರೆ. ಎಲ್ಲಿಗೆ ಟಿಕೆಟ್ ಎಂದು ಕಂಡಕ್ಟರ್ ಎರಡು ಸಲ ಕೇಳಿದರೂ ಉತ್ತರ ಬರುತ್ತಿಲ್ಲ. ನೋಡಿದ ಕೂಡಲೇ ಮನಸ್ಸಿಗೆ ಸಣ್ಣ ಮುಳ್ಳು ಚುಚ್ಚಿದ ಹಾಗಾಗುತ್ತದೆ. ಅದರ ಬೆನ್ನಿಗೇ ‘ನಮಗ್ಯಾಕೆ, ಅವರವರು ಯಾರಾದರೂ ಇದ್ದಾರು’ ಎಂಬ ಸಮಾಧಾನವೂ ಬಂದುಬಿಡುತ್ತದೆ. ಈ ಎರಡರ ನಡುವೆ ಸಿಗುವ ಹೊತ್ತು ಬಹಳ ಕಡಿಮೆ. ಆಗ ಏನು ಮಾಡಬೇಕೆಂದು ಮೊದಲೇ ಗೊತ್ತಿದ್ದವರು ಎದ್ದು ಹೋಗುತ್ತಾರೆ, ಗೊತ್ತಿಲ್ಲದವರು ಎಷ್ಟೇ ಒಳ್ಳೆಯವರಾದರೂ ಕೂತಲ್ಲೇ ಕೂರುತ್ತಾರೆ.

ಅನ್ನಿಸಿದ್ದನ್ನು ಎಷ್ಟು ನಂಬಬೇಕು?

ದಿನವೂ ನೋಡುವ ಜಾಗದಲ್ಲಿ ಆದ ಬದಲಾವಣೆಯ ಬಗ್ಗೆಯಾದರೆ, ಧಾರಾಳವಾಗಿ ನಂಬಿ. ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದೇ ವಿಷಯದಲ್ಲಿ ವಿರುದ್ಧ ಅಭಿಪ್ರಾಯದವರಾಗಿದ್ದರು. 2009ರಲ್ಲಿ ಒಟ್ಟಿಗೆ ಬರೆದ ಪ್ರಬಂಧದಲ್ಲಿ ಒಂದು ಕಡೆ ಇಬ್ಬರೂ ಒಪ್ಪಿದರು: ಒಂದು ಕ್ರಮದಲ್ಲಿ ನಡೆಯುವ ವಿಷಯವಾಗಿರಬೇಕು, ಅದನ್ನು ಬಹಳ ಕಾಲ ನೋಡಿ, ತಪ್ಪು ಸರಿ ತಿಳಿದುಕೊಂಡ ಅಭ್ಯಾಸವೂ ಇರಬೇಕು, ಹಾಗಿದ್ದರೆ ಥಟ್ಟನೆ ಅನ್ನಿಸಿದ್ದಕ್ಕೆ ಬೆಲೆ ಇದೆ. ಮಲ್ಪೆಯ ಹಳೆಯ ಮೀನುಗಾರರು ನೀರಿನ ಬಣ್ಣ ನೋಡಿ ಬಲೆ ಹಾಕುವುದು, ಅಂಗನವಾಡಿಯ ಟೀಚರ್ ಬಾಗಿಲಲ್ಲೇ ‘ಈ ಮಗುವಿಗೆ ಇವತ್ತು ಜ್ವರ ಬರುತ್ತದೆ’ ಎನ್ನುವುದು ಹೀಗೇ. ಪಕ್ಕದ ಮನೆಯ ಅಜ್ಜಿ ಎಷ್ಟು ಹೊತ್ತಿಗೆ ಅಂಗಳ ಗುಡಿಸುತ್ತಾರೆ ಎಂಬುದನ್ನು ನೀವು ಹತ್ತು ವರ್ಷದಿಂದ, ನೋಡುತ್ತಿದ್ದೇನೆಂದು ಗೊತ್ತಿಲ್ಲದೆಯೇ ನೋಡಿದ್ದೀರಿ. ಅದು ತಪ್ಪಿದ್ದು ಲೆಕ್ಕಕ್ಕೆ ಸಿಗುವ ಮೊದಲು ಮನಸ್ಸಿಗೆ ಸಿಗುತ್ತದೆ.

ಅಪರಿಚಿತರ ಮುಖ, ಬಟ್ಟೆ, ಭಾಷೆ, ಜಾತಿ ನೋಡಿ ‘ಸರಿ ಇಲ್ಲ’ ಅನ್ನಿಸಿದರೆ ಅದನ್ನು ನಂಬಬೇಡಿ. ಅಲ್ಲಿ ಅಭ್ಯಾಸವೂ ಇಲ್ಲ, ತಪ್ಪಾದರೆ ತಿದ್ದುವವರೂ ಇಲ್ಲ. ಕಾಲೇಜಿನ ಹುಡುಗ ಹುಡುಗಿ ಒಂದೇ ಮೇಜಿನಲ್ಲಿ ಕೂತು ಗಡ್‌ಬಡ್ ಐಸ್‌ಕ್ರೀಂ ತಿನ್ನುವುದು ಕಂಡು ಎದ್ದು ಹೋಗಿ ವಿಚಾರಿಸಬೇಕೆನಿಸಿದರೆ ಅದು ಪೂರ್ವಗ್ರಹವೇ ಹೊರತು ಸಹಾಯ ಅಲ್ಲ. ಊರಿನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂದು ವಾಟ್ಸಾಪ್‌ನಲ್ಲಿ ಬಂದ ಮೇಲೆ ಕಾಣುವ ಪ್ರತಿಯೊಬ್ಬ ಬಟ್ಟೆ ಮಾರುವವನ ಮೇಲೂ ಬರುವ ಅನುಮಾನ ಇದೇ ಜಾತಿಯದು. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಯಾರಿಗಾದರೂ ನೋವಾಗುತ್ತಿದೆಯಾ? ಇಲ್ಲ ಎಂದಾದರೆ ನಿಮ್ಮ ಐಸ್‌ಕ್ರೀಂ ಕರಗುವ ಮೊದಲು ತಿಂದು ಮುಗಿಸಿ.

ಎಲ್ಲರೂ ನೋಡುತ್ತಾ ನಿಲ್ಲುವುದು ಯಾಕೆ?

ಕಲ್ಲು ಮನಸ್ಸಿನವರೆಂದಲ್ಲ. 1968ರಲ್ಲಿ ಅಮೆರಿಕದ ಜಾನ್ ಡಾರ್ಲಿ ಮತ್ತು ಬಿಬ್ ಲಾಟಾನೆ ಎಂಬ ಸಂಶೋಧಕರು ಕೋಣೆಯೊಳಗೆ ಹೊಗೆ ಬಿಟ್ಟು ಪರೀಕ್ಷಿಸಿದರು. ಒಬ್ಬರೇ ಕೂತಿದ್ದಾಗ ನೂರಕ್ಕೆ 75 ಮಂದಿ ಎದ್ದು ಹೋಗಿ ತಿಳಿಸಿದರು. ಸುಮ್ಮನಿರಲು ಮೊದಲೇ ಹೇಳಿಸಿಕೊಂಡ ಇಬ್ಬರು ಜೊತೆಗಿದ್ದಾಗ ತಿಳಿಸಿದ್ದು ನೂರಕ್ಕೆ 10 ಮಾತ್ರ. ಪ್ರತಿಯೊಬ್ಬರೂ ಇನ್ನೊಬ್ಬರ ಮುಖ ನೋಡಿ ‘ಇವರೇ ಗಾಬರಿಯಾಗಿಲ್ಲ’ ಎಂದುಕೊಳ್ಳುತ್ತಾರೆ. ಹಂಪನಕಟ್ಟೆಯ ಸಿಗ್ನಲ್‌ನಲ್ಲಿ ಸ್ಕೂಟರ್ ಬಿದ್ದರೂ, ಉಡುಪಿ ಸಿಟಿ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ತಲೆಸುತ್ತಿ ಕೂತರೂ ಆಗುವುದು ಇದೇ.

ಇದಕ್ಕೆ ಮದ್ದು ಸುಲಭ. ‘ಯಾರಾದರೂ ಆಂಬುಲೆನ್ಸ್ ಕರೀರಿ’ ಎಂದು ಗಾಳಿಗೆ ಹೇಳಬೇಡಿ. ಆ ‘ಯಾರಾದರೂ’ ಎಂಬವರು ಅಲ್ಲಿ ಇರುವುದಿಲ್ಲ. ಒಬ್ಬರನ್ನು ಬೊಟ್ಟು ಮಾಡಿ: ‘ನೀಲಿ ಅಂಗಿಯ ಅಣ್ಣಾ, ನೀವು 108ಕ್ಕೆ ಫೋನ್ ಮಾಡಿ, ನನ್ನ ಹತ್ತಿರವೇ ನಿಂತು ಮಾತಾಡಿ.’ ‘ಅಕ್ಕಾ, ಸ್ವಲ್ಪ ಕೊಡೆ ಹಿಡೀತೀರಾ?’ ಹೆಸರಿಟ್ಟು ಕೆಲಸ ಕೊಟ್ಟರೆ ನಮ್ಮೂರಿನ ಜನ ಬೇಡ ಅನ್ನುವುದು ಅಪರೂಪ. ಪೊಲೀಸ್, ಬೆಂಕಿ, ಏನು ಬೇಕೆಂದು ಗೊತ್ತಾಗದ ಎಲ್ಲದಕ್ಕೂ 112.

ಮೊದಲ ಪ್ರಶ್ನೆ

‘ಎಲ್ಲ ಸರಿ ಉಂಟಲ್ಲಾ?’ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಹೌದು ಹೌದು, ಏನಿಲ್ಲ.’ ತಲೆ ತಿರುಗುತ್ತಿದ್ದವರೂ ಹಾಗೇ ಹೇಳುತ್ತಾರೆ. ಅದರ ಬದಲು ಒಂದು ಸಂಗತಿಯನ್ನು ಕೇಳಿ. ‘ತಿಂಡಿ ಆಯ್ತಾ?’ ಎಂದರೆ ಮರ್ಯಾದೆಗೆ ‘ಆಯ್ತು’ ಬರುತ್ತದೆ, ‘ಎಂಥ ತಿಂಡಿ?’ ಎಂಬ ಎರಡನೆಯ ಪ್ರಶ್ನೆಗೆ ನಿಜ ಬರುತ್ತದೆ. ತುಳು ಬಲ್ಲವರಾದರೆ ‘ಒಣಸ್ ಆಂಡಾ?’ (ಊಟ ಆಯ್ತಾ?) ಎಂದು ಶುರು ಮಾಡಿ, ಗುರುತಿಲ್ಲದವರೂ ಮುಖ ಎತ್ತಿ ನೋಡುತ್ತಾರೆ. ಎದುರು ನಿಂತು ಮೇಲಿನಿಂದ ಕೇಳಬೇಡಿ. ಪಕ್ಕದಲ್ಲಿ ಕೂತು, ಅವರ ಕಣ್ಣಿನ ಮಟ್ಟಕ್ಕೆ ಬಂದು, ನಿಧಾನವಾಗಿ ಕೇಳಿ.

ಕೊಡುವ ಸಹಾಯಕ್ಕೂ ಇದೇ ಕ್ರಮ. ‘ಏನಾದರೂ ಬೇಕಿದ್ದರೆ ಹೇಳಿ’ ಎಂದರೆ ಯೋಚಿಸುವ ಕೆಲಸವನ್ನೂ ಕಷ್ಟದಲ್ಲಿದ್ದವರ ತಲೆಗೇ ಹಾಕಿದ ಹಾಗೆ. ‘ನಾಲ್ಕು ಗಂಟೆಗೆ ಮೆಡಿಕಲ್‌ಗೆ ಹೋಗ್ತೇನೆ, ನಿಮ್ಮ ಬಿ.ಪಿ. ಮಾತ್ರೆಯ ಚೀಟಿ ಕೊಡಿ’ ಎನ್ನಿ. ‘ಬೇಡ ಮಾರಾಯ್ರೆ, ನಿಮಗೆ ಯಾಕೆ ತೊಂದರೆ’ ಎಂಬ ಮೊದಲ ಬೇಡ ನಮ್ಮ ಕಡೆ ಬರೀ ಸಂಕೋಚದ್ದು. ಇನ್ನೊಮ್ಮೆ ಕೇಳಿ. ಎರಡನೆಯ ಸಲವೂ ಬೇಡ ಎಂದರೆ ಅದು ನಿಜವಾದ ಬೇಡ, ಅಲ್ಲಿಗೆ ಬಿಡಿ.

ಬಸ್ಸಿನಲ್ಲಿ ಬೆವರುತ್ತಿರುವವರು

ಬೆವರು, ಕೈನಡುಕ, ಗೊಂದಲದ ಮಾತು, ಕೆಲವರಲ್ಲಿ ಸಿಟ್ಟು: ಇಷ್ಟಿದ್ದರೆ ಕುಡಿದಿದ್ದಾರೆಂದು ತೀರ್ಮಾನಿಸುವ ಮೊದಲು ‘ಶುಗರ್ ಉಂಟಾ? ಮಾತ್ರೆಯೋ ಇಂಜೆಕ್ಷನ್ನೋ?’ ಎಂದು ಕೇಳಿ. ಔಷಧಿ ತೆಗೆದುಕೊಂಡು ಊಟ ತಡವಾದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ ಸುಮಾರು 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ, ನೀರಿಗೆ ಹಾಕಿ ಕುಡಿಸಿ. ಅಥವಾ ಅರ್ಧ ಗ್ಲಾಸ್ ಹಣ್ಣಿನ ಜ್ಯೂಸ್. ಬೊಂಡದ ನೀರು, ಅಂದರೆ ಎಳನೀರು, ಒಳ್ಳೆಯದೇ ಆದರೂ ಅದರಲ್ಲಿ ಸಕ್ಕರೆ ಕಡಿಮೆ, ಈ ಹೊತ್ತಿಗೆ ಸಾಲದು. ಚಾಕಲೇಟಿನ ಕೊಬ್ಬಿನಿಂದಾಗಿ ಸಕ್ಕರೆ ನಿಧಾನವಾಗಿ ಏರುತ್ತದೆ. ಡಯಟ್ ಪಾನೀಯದಿಂದ ಏನೂ ಆಗುವುದಿಲ್ಲ. 15 ನಿಮಿಷ ಕಾಯಿರಿ, ಸುಧಾರಿಸದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಸುಧಾರಿಸಿದ ಮೇಲೆ ಹತ್ತಿರದ ಹೋಟೆಲಿನ ಬನ್ಸೋ ಎರಡು ಇಡ್ಲಿಯೋ ಹೊಟ್ಟೆಗೆ ಬೀಳಬೇಕು, ಇಲ್ಲದಿದ್ದರೆ ಸಕ್ಕರೆ ಮತ್ತೆ ಇಳಿಯುತ್ತದೆ.

ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ನೀರನ್ನೂ. ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರಾಡುತ್ತಿದ್ದರೆ ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಅಪಸ್ಮಾರ ಬಂದವರ ಕೈಗೆ ಕೀಲಿಗೊಂಚಲು ತುರುಕುವುದರಿಂದ ಪ್ರಯೋಜನವಿಲ್ಲ. ಸುತ್ತಲಿನ ಗಟ್ಟಿ ವಸ್ತು ಸರಿಸಿ, ತಲೆಯಡಿ ಬ್ಯಾಗ್ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108.

ಕರೆದರೆ ಓಗೊಡುತ್ತಿಲ್ಲ, ಉಸಿರೂ ಇಲ್ಲ, ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆಯುತ್ತಿದ್ದಾರೆ. ಆ ಎಳೆತವನ್ನು ಉಸಿರಾಟವೆಂದು ತಿಳಿಯಬೇಡಿ. 108ಕ್ಕೆ ಕರೆ ಹೋಗುತ್ತಿರುವಾಗಲೇ ಗಟ್ಟಿ ನೆಲದ ಮೇಲೆ ಮಲಗಿಸಿ, ಎದೆಯ ನಡುಮಧ್ಯೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಮೊಣಕೈ ಮಡಚದೆ 5ರಿಂದ 6 ಸೆಂಟಿಮೀಟರ್ ಒತ್ತಿ ಬಿಡಿ. ನಿಮಿಷಕ್ಕೆ 100ರಿಂದ 120 ಸಲ. ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಆಗ ನೀಲಿ ಅಂಗಿಯವರಿಗೆ ಬಿಟ್ಟುಕೊಡಿ. ಹೆಚ್ಚಿನವರು ತಪ್ಪುವುದು ಮೆಲ್ಲಗೆ ಒತ್ತುವುದರಲ್ಲಿ. ಪಕ್ಕೆಲುಬಿಗೆ ಪೆಟ್ಟಾದೀತೆಂಬ ಹೆದರಿಕೆ ಬೇಡ, ನಿಂತ ಹೃದಯ ಅದಕ್ಕಿಂತ ದೊಡ್ಡ ವಿಷಯ.

ಮಾತು ತೊದಲಿದರೆ ಮೂರು ಪರೀಕ್ಷೆ: ನಗಲು ಹೇಳಿ, ಬಾಯಿ ಒಂದು ಕಡೆ ಜಾರುತ್ತದಾ ನೋಡಿ, ಎರಡೂ ಕೈ ಎತ್ತಲು ಹೇಳಿ, ಒಂದು ಕೆಳಗೆ ಬೀಳುತ್ತದಾ, ‘ಇವತ್ತು ಮಳೆ ಜೋರುಂಟು’ ಎಂದು ಹೇಳಿಸಿ. ಒಂದು ತಪ್ಪಿದರೂ ಪಾರ್ಶ್ವವಾಯು ಎಂದೇ ಹೊರಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಅದನ್ನು ಎಣಿಸುವುದು ಅವರು ಕೊನೆಯ ಸಲ ಸರಿಯಾಗಿದ್ದ ಹೊತ್ತಿನಿಂದ. ಆ ಹೊತ್ತನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಸಿ.ಟಿ. ಸ್ಕ್ಯಾನ್ ಇಲ್ಲದ ಕಡೆ ಸುತ್ತಾಡಿಸಬೇಡಿ, ಸ್ಕ್ಯಾನ್ ಆಗುವ ಮೊದಲು ಆಸ್ಪಿರಿನ್ ಕೊಡಬೇಡಿ.

ಗೇಟಿನೊಳಗೆ ಬಿದ್ದ ಪೇಪರು

ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡೂ ಜಿಲ್ಲೆಗಳಲ್ಲಿ ದೊಡ್ಡ ಮನೆ, ಒಳಗೆ ಇಬ್ಬರೋ ಒಬ್ಬರೋ ವಯಸ್ಸಾದವರು, ಮಕ್ಕಳು ದುಬೈ, ಮುಂಬೈ, ಬೆಂಗಳೂರಿನಲ್ಲಿ ಎಂಬುದು ಬೀದಿಬೀದಿಯ ಕಥೆ. ಆದ್ದರಿಂದ ಈ ಭಾಗ ಸ್ವಲ್ಪ ವಿವರವಾಗಿಯೇ ಇರಲಿ.

ಮೊದಲು ಫೋನ್ ಮಾಡಿ, ಪೂರ್ತಿ ರಿಂಗ್ ಆಗುವ ತನಕ, ಎರಡು ಸಲ. ಎತ್ತದಿದ್ದರೆ ಇನ್ನೊಬ್ಬರನ್ನು ಕರೆದುಕೊಂಡು ಹೋಗಿ. ಬಿದ್ದವರನ್ನು ನೋಡಿಕೊಳ್ಳಲು ಒಬ್ಬರು, ಫೋನಿಗೆ ಒಬ್ಬರು ಬೇಕು. ನಾಳೆ ಯಾರೂ ನಿಮ್ಮನ್ನು ಅನುಮಾನದಿಂದ ಕೇಳದಿರಲೂ ಇಬ್ಬರಿರುವುದು ಒಳ್ಳೆಯದು. ಅಂಗಳದಿಂದಲೇ ದೊಡ್ಡದಾಗಿ ಕರೆಯಿರಿ. ಗ್ಯಾಸಿನ ವಾಸನೆ ಬಂದರೆ ಕಾಲಿಂಗ್ ಬೆಲ್ ಒತ್ತಬೇಡಿ, ಸ್ವಿಚ್ ಮುಟ್ಟಬೇಡಿ, ದೂರ ಹೋಗಿ ಗ್ಯಾಸ್ ಸೋರಿಕೆಯ ತುರ್ತು ನಂಬರು 1906ಕ್ಕೆ ಕರೆ ಮಾಡಿ. ವಾಸನೆ ಇಲ್ಲದಿದ್ದರೆ ಹಿಂದಿನ ಬಾಗಿಲು, ಮಲಗುವ ಕೋಣೆಯ ಕಿಟಕಿ ನೋಡಿ, ಬಚ್ಚಲಿನ ಹತ್ತಿರ ನಿಂತು ಕರೆಯಿರಿ. ರಾತ್ರಿ ಎದ್ದು ಹೋದವರು ಜಾರುವುದು ಹೆಚ್ಚಾಗಿ ಅಲ್ಲೇ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ. ಒಳಗಿನಿಂದ ನರಳಾಟ ಕೇಳಿದರೆ, ಅಥವಾ ಮಕ್ಕಳೂ ‘ಮನೆಯಲ್ಲೇ ಇರಬೇಕಿತ್ತು’ ಎಂದರೆ 112ಕ್ಕೆ ಹೇಳಿ ಬಾಗಿಲು ತೆಗೆಸಿ.

ಬಿದ್ದವರನ್ನು ಕಂಡ ಕೂಡಲೇ ಕಂಕುಳಿಗೆ ಕೈಹಾಕಿ ಎತ್ತುವುದು ದೊಡ್ಡ ತಪ್ಪು. ಒಂದು ಕಾಲು ಗಿಡ್ಡವಾದಂತೆ, ಪಾದ ಹೊರಗೆ ತಿರುಗಿದಂತೆ ಕಂಡರೆ ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿರುವ ಸಾಧ್ಯತೆ ಹೆಚ್ಚು. ಬಿದ್ದಲ್ಲೇ ಬಿಡಿ, ಒದ್ದೆ ಬಟ್ಟೆಯ ಮೇಲೆ ಬೆಚ್ಚಗೆ ಬೆಡ್‌ಶೀಟ್ ಹೊದಿಸಿ, ಆಪರೇಷನ್ ಬೇಕಾದೀತು ಎಂದು ತಿನ್ನಲು ಕುಡಿಯಲು ಕೊಡದೆ 108ಕ್ಕೆ ಕಾಯಿರಿ.

ಇದೆಲ್ಲ ಸುಲಭವಾಗುವುದು ಮೊದಲೇ ಮಾತಾಡಿಕೊಂಡಿದ್ದರೆ. ಒಂದು ಬಿಡುವಿನ ಸಂಜೆ ಹೋಗಿ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ: ಇನ್ನೊಂದು ಕೀಲಿ ಯಾರಲ್ಲಿ ಉಂಟು, ಯಾವ ಮಾತ್ರೆ, ಯಾವ ಡಾಕ್ಟರು, ಮಕ್ಕಳ ನಂಬರು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಕತಾರ್, ಕುವೈಟ್, ಸೌದಿ ಎರಡೂವರೆ ಗಂಟೆ ಹಿಂದೆ. ಬೆಳಗ್ಗೆ ಆರಕ್ಕೆ ಕರೆ ಮಾಡಿದರೆ ಅಲ್ಲಿ ಫೋನ್ ಸೈಲೆಂಟ್‌ನಲ್ಲಿರುತ್ತದೆ. ಅದಕ್ಕೇ ಅರ್ಧ ಗಂಟೆಯಲ್ಲಿ ಬರಬಲ್ಲ ನೆಂಟರೊಬ್ಬರ ನಂಬರೂ ಬೇಕು. ಆ ಮೇಲೆ ಒಂದು ಗುರುತು ಮಾಡಿಕೊಳ್ಳಿ: ಎಂಟು ಗಂಟೆಯೊಳಗೆ ಜಗಲಿಯ ಲೈಟು ಆರಿಸಿದರೆ ಎಲ್ಲ ಕ್ಷೇಮ.

ಇನ್ನೊಂದು ಬಗೆಯ ಬದಲಾವಣೆಯೂ ಈಗ ಗಮನಿಸಬೇಕಾದ್ದು. ಸದಾ ಮಾತಾಡುವವರು ಬಾಗಿಲು ಹಾಕಿ ಗಂಟೆಗಟ್ಟಲೆ ವಿಡಿಯೊ ಕಾಲ್‌ನಲ್ಲಿದ್ದಾರೆ, ಗಡಿಬಿಡಿಯಲ್ಲಿ ಬ್ಯಾಂಕಿಗೆ ಹೊರಟಿದ್ದಾರೆ, ಯಾಕೆಂದು ಕೇಳಿದರೆ ಹೆದರಿದ ಮುಖ. ಪೊಲೀಸರ ಸೋಗಿನಲ್ಲಿ ವಿಡಿಯೊ ಕಾಲ್ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವ ಮೋಸಗಾರರು ಮೊದಲು ಮಾಡುವುದೇ ಯಾರಿಗೂ ಹೇಳಬಾರದೆಂದು ಬಾಯಿ ಕಟ್ಟುವುದು. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಬೈಯಬೇಡಿ, ‘ಹೀಗೂ ಮೋಸ ಹೋಗ್ತಾರಾ’ ಎನ್ನಬೇಡಿ. ಹಾಗೆಂದರೆ ಅವರು ಇನ್ನಷ್ಟು ಮುಚ್ಚಿಡುತ್ತಾರೆ. ಕಾಲ್ ಕಡಿಸಿ, ನೀರು ಕೊಡಿ. ಹಣ ಹೋಗಿದ್ದರೆ ಅಲ್ಲೇ ಕೂತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ. ಹಣ ಹೋದ ಸಮಯ, ಮೊತ್ತ, ವಹಿವಾಟಿನ ನಂಬರು ಕೈಯಲ್ಲಿರಲಿ. ಬೇಗ ಹೇಳಿದಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು.

ಓಡಿ ಹೋಗಬಾರದ ಎರಡು ಕಡೆ

ಒಂದು, ಸಮುದ್ರ. ಪಣಂಬೂರು, ಮಲ್ಪೆ, ಸೋಮೇಶ್ವರ ಎಲ್ಲೇ ಆಗಲಿ, ಮುಳುಗುವವರನ್ನು ಕಂಡು ತರಬೇತಿ ಇಲ್ಲದವರು ಹಾರಿದರೆ ಹುಡುಕಬೇಕಾದವರು ಇಬ್ಬರಾಗುತ್ತಾರೆ. ಜೀವರಕ್ಷಕರನ್ನು ಕೂಗಿ, ಮುಚ್ಚಳ ಹಾಕಿದ ಖಾಲಿ ಕ್ಯಾನ್, ಟ್ಯೂಬ್, ಹಗ್ಗ ಎಸೆಯಿರಿ, ದಡಕ್ಕೆ ನೇರವಾಗಿ ಅಲ್ಲ, ದಡದ ಉದ್ದಕ್ಕೆ ಈಜುವಂತೆ ಕೈಸನ್ನೆ ಮಾಡಿ. ಇನ್ನೊಂದು, ಮಳೆಗೆ ಹರಿದು ಬಿದ್ದ ವಿದ್ಯುತ್ ತಂತಿ. ಹತ್ತು ಮೀಟರ್ ದೂರ ನಿಂತು, ಬರುವವರನ್ನು ತಡೆದು ವಿದ್ಯುತ್ ದೂರಿನ ನಂಬರು 1912ಕ್ಕೆ ಹೇಳಿ. ಲೈನ್ ಆಫ್ ಆಯಿತೆಂದು ವಿದ್ಯುತ್ ಕಂಪನಿ ಮೆಸ್ಕಾಂನವರು ಹೇಳುವವರೆಗೆ ಕೋಲಿನಲ್ಲೂ ಮುಟ್ಟಬೇಡಿ.

ಆಸ್ಪತ್ರೆ, ಪೊಲೀಸ್, ಮರುದಿನ

‘ಸುಮ್ಮನೆ ಕೇಸು ಮೈಮೇಲೆ’ ಎಂಬ ಹೆದರಿಕೆ ಇನ್ನೂ ಹೋಗಿಲ್ಲ, ಹೋಗಬೇಕು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಮಿನ ಪ್ರಕಾರ ಅಪಘಾತದಲ್ಲಿ ಗಾಯಗೊಂಡವರಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಬರುವುದಿಲ್ಲ. ಹೆಸರು ವಿಳಾಸ ಕೊಡಲೇಬೇಕೆಂಬ ಒತ್ತಾಯವನ್ನೂ ಮಾಡುವಂತಿಲ್ಲ.

ಆಂಬುಲೆನ್ಸಿನವರಿಗೆ ಮೂರು ಮಾತು ಸಾಕು: ಏನು ಕಂಡಿರಿ, ಎಷ್ಟು ಹೊತ್ತಿಗೆ, ಏನು ಕೊಟ್ಟಿರಿ. ಅವರ ಚಪ್ಪಲಿ, ಕನ್ನಡಕ, ಫೋನು ಒಂದು ಚೀಲಕ್ಕೆ ಹಾಕಿ ಜೊತೆಗೆ ಕಳುಹಿಸಿ. ಗಡಿಬಿಡಿಯಲ್ಲಿ ಕಳೆಯುವುದು ಇವೇ. ಫೋಟೊ ತೆಗೆದು ಗ್ರೂಪಿಗೆ ಹಾಕಬೇಡಿ, ಮನೆಯವರಿಗೆ ಸುದ್ದಿ ಮೊದಲು ಅಲ್ಲಿಂದ ತಲುಪಬಾರದು.

ಅನ್ನಿಸಿದ್ದು ಸುಳ್ಳಾಯಿತೆಂದು ಇಟ್ಟುಕೊಳ್ಳಿ. ಅಜ್ಜಿ ಕಟೀಲು ದೇವಸ್ಥಾನಕ್ಕೆ ಹೋದವರು ಲೈಟು ಆರಿಸಲು ಮರೆತದ್ದಷ್ಟೇ. ಆಗ ‘ಲೈಟು ಉರಿಯುತ್ತಾ ಇತ್ತು, ನೋಡಿ ಹೋಗುವಾ ಅಂತ ಬಂದೆ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮುಂದಿನ ಸಲ ಊರಿಗೆ ಹೋಗುವಾಗ ಅವರೇ ಗೇಟಿನ ಹತ್ತಿರ ನಿಂತು ಹೇಳಿ ಹೋಗುತ್ತಾರೆ, ಪ್ರಸಾದವನ್ನೂ ತಂದು ಕೊಡುತ್ತಾರೆ.